ಸೆಕೆಂಡ್ ಹ್ಯಾಂಡ್ ಪ್ಯಾರಾಮೋಟರ್ ತಗೊಳ್ಳೋರು ಮೊದಲು ಕೇಜ್ ಅಲ್ಲಾಡಿಸಿ ನೋಡಿ

ಪ್ಯಾರಾಮೋಟರ್ ಅಂದರೆ ಪ್ರೊಪೆಲರ್ ಇರೋ ಎಂಜಿನ್ ಬೆನ್ನಿಗೆ ಕಟ್ಟಿಕೊಂಡು, ಪ್ಯಾರಾಚೂಟ್ ಥರದ ಬಟ್ಟೆ ರೆಕ್ಕೆಯಲ್ಲಿ ಹಾರೋ ಸಾಧನ. ಕೇಜ್ ಅಂದರೆ ಪ್ರೊಪೆಲರ್ ಸುತ್ತ ಇರೋ ಪೈಪಿನ ಚೌಕಟ್ಟು. ಇದನ್ನು ಮಾರಿದ ಬೆಂಗಳೂರಿನ ಒಬ್ಬ ಮಾರಾಟಗಾರ ನನಗೆ ಸರಿಯಾಗಿ ಟೋಪಿ ಹಾಕಿದ್ದಾನೆ. ದುಡ್ಡು ವಾಪಸ್ ಬರುವ ಲಕ್ಷಣ ಇಲ್ಲ. ನೀವಾದರೂ ಹುಷಾರಾಗಿರಿ.

ಜಾಹೀರಾತಿನಲ್ಲಿ ಇದ್ದದ್ದು: ಇಟಲಿಯ ವಿಟ್ಟೊರಾಜಿ ಮೋಸ್ಟರ್ 185 ಎಂಜಿನ್, 25 ಹಾರ್ಸ್‌ಪವರ್, ಒಟ್ಟು ತೂಕ 26 ಕೆಜಿ, ಫ್ರೇಮ್ ಒರಿಜಿನಲ್. ಎಂಜಿನ್ ಒರಿಜಿನಲ್ಲೇ, ಸುಳ್ಳು ಹೇಳಬಾರದು. ಮಿಕ್ಕಿದ್ದೆಲ್ಲ ವೆಲ್ಡಿಂಗ್ ಅಂಗಡಿ ಮಾಲು.

ಮನೆಗೆ ತಂದು ತೂಗಿದರೆ ಪೆಟ್ರೋಲ್ ಇಲ್ಲದೆಯೇ 35 ಕೆಜಿ! ಇದು ಚಕ್ರದ ಗಾಡಿ ಅಲ್ಲವಲ್ಲ. ಬೆನ್ನಿಗೆ ಕಟ್ಟಿಕೊಂಡು ನಮ್ಮ ಕಾಲಲ್ಲೇ ಓಡಬೇಕು. 10 ಲೀಟರ್ ಪೆಟ್ರೋಲ್ ಹಾಕಿದರೆ ಇನ್ನೂ 7 ಕೆಜಿ ಜಾಸ್ತಿ. ಫೋನ್ ಮಾಡಿದೆ. "ಸಾರ್, ಮೇಲೆ ಹೋದ್ಮೇಲೆ ಭಾರ ಗೊತ್ತಾಗಲ್ಲ" ಅಂದ. ಮೇಲೆ ಹೋಗೋದು ಹೇಗಪ್ಪಾ?

ಅಸಲಿ ಕಥೆ ಆಮೇಲಿನದು. ಮಂಡ್ಯ ಹತ್ತಿರ ಕೊಯ್ಲಾದ ಗದ್ದೆ. ಗೆಳೆಯರು, ಊರ ಹುಡುಗರು ಎಲ್ಲ ಮೊಬೈಲ್ ಹಿಡಿದು ನಿಂತಿದ್ದರು. ರೆಕ್ಕೆ ಎಬ್ಬಿಸುವಾಗ ಅದರ ಲೈನುಗಳು, ಅಂದರೆ ದಾರಗಳು, ಹೂಪ್ (ಕೇಜಿನ ಹೊರಗಿನ ಬಳೆ) ಮೇಲೆ ಒತ್ತುತ್ತವೆ, ಗೊತ್ತಲ್ಲ. ಅದಕ್ಕೇ ಹೂಪ್ ಗಟ್ಟಿಯಾಗಿರಬೇಕು, ಪ್ರೊಪೆಲರ್ ತುದಿಗೂ ಅದಕ್ಕೂ ನಡುವೆ ಜಾಗ ಇರಬೇಕು. ಥ್ರಾಟಲ್ ಕೊಟ್ಟೆ. ಹೂಪ್ ಒಳಗೆ ಬಾಗಿತು. ಟಪ್! ಕಾರ್ಬನ್ ಪ್ರೊಪೆಲರ್ ತುದಿ ಚೂರುಚೂರು. ಕೇಜಿಗೆ ಕಟ್ಟಿದ ಬಲೆ ಹರಿದುಹೋಯಿತು. ಹುಡುಗರು ಕಿಸಕ್ಕನೆ ನಕ್ಕರು. ಇನ್ನೂ ಆ ವಿಡಿಯೊ ಊರೆಲ್ಲ ಓಡಾಡ್ತಿದೆ.

ನಗೋ ವಿಷಯ ಅಲ್ಲ ಇದು. ಆ ಬಲೆ ಇರೋದೇ ಕೈ ಪ್ರೊಪೆಲರ್‌ಗೆ ಸಿಗದಿರಲಿ ಅಂತ. ಸಿಕ್ಕಿದ್ದರೆ ಬೆರಳು ಹೋಗ್ತಿತ್ತು, ಅದೂ ನೆಲದ ಮೇಲೆ ನಿಂತಿರುವಾಗಲೇ.

ಬಿಚ್ಚಿ ನೋಡಿದರೆ ಕೇಜ್ ಪೈಪು ಕಿಟಕಿಗೆ ಪರದೆ ಹಾಕೋ ಪೈಪಿನಷ್ಟು ತೆಳು. ಮೇಲೆ ಕಪ್ಪು ಬಣ್ಣ ಹೊಡೆದಿದ್ದಾನೆ. ಫೋಟೊ ಕಳಿಸಿದೆ. ಉತ್ತರ: "ಹೂಪ್ ಸ್ವಲ್ಪ ಬಾಗಲೇಬೇಕು ಸಾರ್, ಗಟ್ಟಿ ಇದ್ರೆ ಮುರಿಯುತ್ತೆ." ಮರುದಿನ ಮಾತು ಬದಲು: "ನೀವು ಥ್ರಾಟಲ್ ಬೇಗ ಕೊಟ್ರಿ." ಕೊನೆಗೆ ಏನಂದ ಗೊತ್ತಾ? "ಚಿಕ್ಕ ಪ್ರೊಪೆಲರ್ ಹಾಕ್ಕೊಳ್ಳಿ, ಹೂಪ್‌ಗೆ ತಾಗಲ್ಲ. ನನ್ನ ಹತ್ರಾನೇ ಇದೆ, ಡಿಸ್ಕೌಂಟಲ್ಲಿ ಕೊಡ್ತೀನಿ." ಮೈ ಉರಿದುಹೋಯಿತು! ಚಿಕ್ಕದು ಹಾಕಿದರೆ ತಳ್ಳುವ ಬಲ ಕಡಿಮೆ, ಭಾರ ಮಾತ್ರ ಅಷ್ಟೇ. ಇದನ್ನೂ ನಾನೇ ಅವನಿಗೆ ಹೇಳಿಕೊಡಬೇಕಾ?

ತೂಕದ ಯಂತ್ರ ನೀವೇ ತಗೊಂಡು ಹೋಗಿ. ಎಂಜಿನ್ ಆಫ್ ಇರುವಾಗ ಹೂಪನ್ನು ಎರಡೂ ಕೈಯಲ್ಲಿ ಪ್ರೊಪೆಲರ್ ಕಡೆ ಒತ್ತಿ. ಬಾಗಿ ತಾಗಿದರೆ ಸುಮ್ನೆ ಎದ್ದು ಬನ್ನಿ. ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಕಳಿಸಬೇಡಿ.

ಮೊನ್ನೆ ಮತ್ತೊಂದು ಜಾಹೀರಾತು ಹಾಕಿದ್ದಾನೆ. ಅದೇ ಥರದ ಕೇಜ್, ಅದೇ 26 ಕೆಜಿ. ಈ ಸಲ ಕೆಂಪು ಬಣ್ಣ.