ನಾಲ್ಕು ಬಟನ್ನಿನ 96×96 ಪ್ಯಾನಲ್ ಮೀಟರ್: ಮಂಡ್ಯದ ರೈಸ್‌ಮಿಲ್ಲಿನಲ್ಲಿ ಕೆಲ ವರ್ಷ ಬಳಸಿದ ಮೇಲೆ

ಮಂಡ್ಯ ಕಡೆಯ ರೈಸ್‌ಮಿಲ್ಲುಗಳ ಪ್ಯಾನಲ್ ಬೋರ್ಡಿನಲ್ಲಿ ಈಗ ಮುಳ್ಳಿನ ಆಮ್ಮೀಟರ್, ವೋಲ್ಟ್‌ಮೀಟರ್ ಅಪರೂಪ. ಆ ಜಾಗಕ್ಕೆ 96×96 ಮಿಲಿಮೀಟರ್ ಅಳತೆಯ ಒಂದೇ ಮಲ್ಟಿಫಂಕ್ಷನ್ ಮೀಟರ್ ಬಂದು ಕೂತಿದೆ. ವೋಲ್ಟೇಜ್, ಕರೆಂಟ್, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜ ಕೆಲಸಕ್ಕೆ ಬಂದ ಪಾಲು), ಯೂನಿಟ್, ಡಿಮ್ಯಾಂಡ್ (ಕೆಲವು ನಿಮಿಷಗಳ ಸರಾಸರಿ ಲೋಡು) ಎಲ್ಲವನ್ನೂ ಅದೇ ತೋರಿಸುತ್ತದೆ. ಇಲ್ಲಿ ಬರೆಯುತ್ತಿರುವುದು ಮೂರು ಸಾಲಿನ ಕೆಂಪು ಎಲ್‌ಇಡಿ ಡಿಸ್‌ಪ್ಲೇ, ನಾಲ್ಕು ಬಟನ್, ಕಂಪ್ಯೂಟರಿಗೆ ಸಂಖ್ಯೆ ಕಳಿಸುವ ಆರ್‌ಎಸ್-485 ಪೋರ್ಟ್ ಇರುವ ಮಾದರಿಯ ಬಗ್ಗೆ. ಕಂಪನಿ ಯಾವುದೇ ಇರಲಿ, ಈ ವರ್ಗದ ಮೀಟರುಗಳ ಮೆನು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ.

ಅಳತೆಯ ವಿಷಯದಲ್ಲಿ ದೂರಿಲ್ಲ. 60 ಎಚ್‌ಪಿ ಮೋಟಾರಿನ ಲೋಡಿನಲ್ಲಿ ಒಳ್ಳೆ ಕ್ಲಾಂಪ್ ಮೀಟರ್ (ವೈರು ಬಿಚ್ಚದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಉಪಕರಣ) ಹಾಕಿ ನೋಡಿದರೆ ಕರೆಂಟ್ ಹೊಂದುತ್ತದೆ, ವೋಲ್ಟೇಜ್ ಹೊಂದುತ್ತದೆ. ತಲೆನೋವೆಲ್ಲ ಮೆನುವಿನದು, ಬಟನ್ನಿನದು. "ಮೀಟರ್ ಕೆಟ್ಟೋಗದೆ ಕಣಣ್ಣ" ಅಂತ ಆಪರೇಟರ್ ಹೇಳಿದಾಗ ಮೀಟರ್ ನಿಜವಾಗಿ ಕೆಟ್ಟಿರುವುದು ಕಡಿಮೆ. ಒಳಗಿನ ಯಾವುದೋ ಒಂದು ಸಂಖ್ಯೆ ತಪ್ಪಿರುತ್ತದೆ, ಇಲ್ಲವೇ ಹಿಂದೆ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸಿ ಕೊಡುವ ಸಾಧನ) ವೈರು ತಿರುಗುಮುರುಗಾಗಿರುತ್ತದೆ.

ಮೊದಲು ಬಟನ್. ಮೇಲೆ, ಕೆಳಗೆ, ಪಕ್ಕ, ಎಂಟರ್ ಎಂದು ನಾಲ್ಕು. ಮಾಮೂಲಿ ಸಮಯದಲ್ಲಿ ಮೇಲಿನ ಬಟನ್ ಪುಟ ಬದಲಿಸುತ್ತದೆ: ಫೇಸ್-ನ್ಯೂಟ್ರಲ್ ವೋಲ್ಟೇಜ್, ಫೇಸ್-ಫೇಸ್ ವೋಲ್ಟೇಜ್, ಮೂರು ಕರೆಂಟ್, ಕಿಲೋವ್ಯಾಟ್, ಕೆವಿಎ, ಪವರ್ ಫ್ಯಾಕ್ಟರ್, ಫ್ರೀಕ್ವೆನ್ಸಿ, ಯೂನಿಟ್. ಕೆಳಗಿನ ಬಟನ್ ಅದೇ ಪುಟದ ಕನಿಷ್ಠ, ಗರಿಷ್ಠ ಸಂಖ್ಯೆ ತೋರಿಸುತ್ತದೆ. ಎಂಟರ್ ಅನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಅದೇ ನಾಲ್ಕು ಬಟನ್ನುಗಳ ಕೆಲಸ ಬೇರೆಯಾಗಿಬಿಡುತ್ತದೆ. ಮೇಲಿನದು ಅಂಕಿ ಏರಿಸುತ್ತದೆ, ಕೆಳಗಿನದು ಇಳಿಸುತ್ತದೆ, ಪಕ್ಕದ್ದು ಮಿನುಗುವ ಅಂಕಿಯನ್ನು ಒಂದು ಸ್ಥಾನ ಸರಿಸುತ್ತದೆ. ಒಂದೇ ಬಟನ್ನಿಗೆ ಎರಡು ಕೆಲಸ ಇರುವುದು ಯಾವ ಹೊತ್ತಿಗೆ ಯಾವ ಕೆಲಸ ಎಂದು ಗೊತ್ತಿಲ್ಲದವರನ್ನು ಕಾಡುತ್ತದೆ. ಗುರುತು ಒಂದೇ: ಯಾವುದಾದರೂ ಅಂಕಿ ಮಿನುಗುತ್ತಿದ್ದರೆ ನೀವು ಸೆಟ್ಟಿಂಗಿನೊಳಗಿದ್ದೀರಿ. ಸುಮ್ಮನೆ ಕೈಯಾಡಿಸಬೇಡಿ.

ಒಳಗೆ ಹೋಗುವಾಗ ಪಾಸ್‌ವರ್ಡ್ ಕೇಳುತ್ತದೆ. ಕಾರ್ಖಾನೆಯಿಂದ ಬರುವಾಗ ಇರುವ ಸಂಖ್ಯೆ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ, ಅದನ್ನು ಬದಲಿಸಲೇಬೇಕು. ಬದಲಿಸಿದ್ದನ್ನು ಪ್ಯಾನಲ್ ಬಾಗಿಲ ಒಳಮೈಗೆ ಅಂಟಿಸಬೇಡಿ, ಆಫೀಸಿನ ಪುಸ್ತಕದಲ್ಲಿ ಬರೆದಿಡಿ. ಏಳು ಕಡ್ಡಿಯ ಡಿಸ್‌ಪ್ಲೇ ಆದ್ದರಿಂದ 5 ಮತ್ತು ಇಂಗ್ಲಿಷಿನ ಎಸ್ ಅಕ್ಷರ ಒಂದೇ ಥರ ಕಾಣುತ್ತವೆ, ಎಂ ಮತ್ತು ಕೆ ಅಕ್ಷರಗಳಿಗೆ ವಿಚಿತ್ರ ಆಕಾರ ಬಂದಿರುತ್ತದೆ. ಮೊದಲ ಸಲ ಮೆನು ಓದುವವರು ಕೈಪಿಡಿಯಲ್ಲಿರುವ ಅಕ್ಷರಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು.

ಪಾಸ್‌ವರ್ಡ್ ದಾಟಿದ ಮೇಲೆ ಬರುವ ಮೊದಲ ಆಯ್ಕೆ ನೆಟ್‌ವರ್ಕ್: ಮೂರು ಫೇಸ್ ನಾಲ್ಕು ವೈರ್, ಮೂರು ಫೇಸ್ ಮೂರು ವೈರ್, ಸಿಂಗಲ್ ಫೇಸ್. ನಮ್ಮ ಕಡೆ ಎಲ್‌ಟಿ (ಲೋ ಟೆನ್ಷನ್) ಸಂಪರ್ಕದ ಮಿಲ್ಲಿಗೆ ನಾಲ್ಕು ವೈರ್. ಇಲ್ಲಿ ತಪ್ಪಿ ಮೂರು ವೈರ್ ಎಂದು ಇಟ್ಟರೆ ಫೇಸ್-ನ್ಯೂಟ್ರಲ್ ವೋಲ್ಟೇಜಿನ ಪುಟವೇ ಮಾಯವಾಗುತ್ತದೆ. ಅದನ್ನು ಕಂಡು ನ್ಯೂಟ್ರಲ್ ಹೋಗಿದೆ ಎಂದು ಟರ್ಮಿನಲ್ ಬಿಚ್ಚಿ ಹುಡುಕುವವರು ಇದ್ದಾರೆ. ಮೊದಲು ಈ ಒಂದು ಪುಟ ನೋಡಿ.

ಮುಂದಿನದು ಸಿಟಿ ಪ್ರೈಮರಿ, ಸಿಟಿ ಸೆಕೆಂಡರಿ, ಅಂದರೆ ಸಿಟಿಯೊಳಗೆ ಹರಿಯುವ ಮುಖ್ಯ ಕರೆಂಟ್ ಮತ್ತು ಅದು ಮೀಟರಿಗೆ ಕೊಡುವ ಕರೆಂಟ್. ಇಡೀ ಮೆನುವಿನಲ್ಲಿ ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದೇ. 60 ಎಚ್‌ಪಿ ಎಂದರೆ 45 ಕಿಲೋವ್ಯಾಟ್ ಹತ್ತಿರ, 415 ವೋಲ್ಟಿನಲ್ಲಿ ಪೂರ್ಣ ಲೋಡಿಗೆ 80 ಆಂಪಿಯರ್ ಆಸುಪಾಸು, ಹಾಗಾಗಿ 100/5 ಸಿಟಿ. ಮೀಟರಿನಲ್ಲಿ ಪ್ರೈಮರಿ 100, ಸೆಕೆಂಡರಿ 5 ಇರಬೇಕು. ಪ್ರೈಮರಿಯನ್ನು 200 ಎಂದು ಒತ್ತಿದರೆ ಕರೆಂಟೂ ಕಿಲೋವ್ಯಾಟೂ ಯೂನಿಟ್ಟೂ ಎಲ್ಲ ಎರಡರಷ್ಟು. ವೋಲ್ಟೇಜ್, ಪವರ್ ಫ್ಯಾಕ್ಟರ್ ಮಾತ್ರ ಸರಿಯಾಗಿಯೇ ಇರುತ್ತವೆ, ಅದಕ್ಕೇ ಅನುಮಾನ ಬರುವುದಿಲ್ಲ. ಹಾಗೆಯೇ ಸಿಟಿ 1 ಆಂಪಿಯರ್ ಸೆಕೆಂಡರಿಯದಾಗಿದ್ದು ಮೀಟರಿನಲ್ಲಿ 5 ಇದ್ದರೆ ನಿಜವಾದ ಕರೆಂಟಿನ ಐದನೇ ಒಂದು ಭಾಗ ಮಾತ್ರ ಕಾಣುತ್ತದೆ.

ಸೆಟ್ಟಿಂಗ್ ಸರಿ ಇದೆಯೇ ಎಂದು ತಿಳಿಯಲು ಕ್ಲಾಂಪ್ ಮೀಟರ್ ಬಿಟ್ಟು ಬೇರೆ ಉಪಕರಣ ಬೇಕಿಲ್ಲ. 1.732 × ಲೈನ್ ವೋಲ್ಟೇಜ್ × ಕರೆಂಟ್ × ಪವರ್ ಫ್ಯಾಕ್ಟರ್, ಬಂದದ್ದನ್ನು 1000ದಿಂದ ಭಾಗಿಸಿ. 415 ವೋಲ್ಟ್, 60 ಆಂಪಿಯರ್, 0.85 ಇದ್ದರೆ 36.7 ಕಿಲೋವ್ಯಾಟ್ ಬರಬೇಕು. ಅದರಲ್ಲಿ ಕರೆಂಟ್ ಮಾತ್ರ ಕ್ಲಾಂಪ್ ಮೀಟರಿನಿಂದ ತೆಗೆದುಕೊಳ್ಳಿ. ಪ್ಯಾನಲ್ ಮೀಟರಿನದೇ ಕರೆಂಟ್ ಹಾಕಿದರೆ ತಪ್ಪು ಸಿಟಿ ಅನುಪಾತವೂ ಲೆಕ್ಕದಲ್ಲಿ ಸರಿಯಾಗಿಯೇ ಕಾಣುತ್ತದೆ.

ಲೆಕ್ಕ ತಾಳೆಯಾಗದಿದ್ದರೆ ಮೆನು ಬಿಟ್ಟು ಹಿಂದಿನ ವೈರಿಂಗಿಗೆ ಬನ್ನಿ. ಲೋಡು ಮೂರೂ ಫೇಸಿಗೆ ಸಮವಾಗಿದ್ದು ಒಟ್ಟು ಕಿಲೋವ್ಯಾಟ್ ಇರಬೇಕಾದ್ದರ ಮೂರನೇ ಒಂದು ಭಾಗ ತೋರಿಸಿದರೆ ಒಂದು ಸಿಟಿ ಉಲ್ಟಾ ಕೂತಿದೆ. ಎರಡು ಸೇರಿ ಒಂದನ್ನು ಕಳೆದಂತೆ, ಅಷ್ಟೇ. ಎರಡು ಸಿಟಿ ಉಲ್ಟಾ ಆದರೆ ಅದೇ ಮೂರನೇ ಒಂದು ಭಾಗ ಮೈನಸ್ ಗುರುತಿನೊಂದಿಗೆ ಬರುತ್ತದೆ. ಮೋಟಾರು ಪೂರ್ತಿ ಲೋಡಿನಲ್ಲಿ ಓಡುತ್ತಿದ್ದರೂ ಒಟ್ಟು ಕಿಲೋವ್ಯಾಟ್ ಸೊನ್ನೆಯ ಸುತ್ತ ಆಡುತ್ತಿದ್ದರೆ ಯಾವುದೋ ಎರಡು ಫೇಸಿನ ಸಿಟಿ ಅದಲುಬದಲಾಗಿದೆ, ಉದಾಹರಣೆಗೆ ಆರ್ ಫೇಸಿನ ಸಿಟಿ ವೈ ಫೇಸಿನ ಜಾಗಕ್ಕೆ, ವೈ ಸಿಟಿ ಆರ್ ಜಾಗಕ್ಕೆ ಹೋಗಿದೆ. ಈ ಮೂರು ಸಂದರ್ಭದಲ್ಲೂ ಕರೆಂಟಿನ ಪುಟ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಒಟ್ಟು ಕಿಲೋವ್ಯಾಟ್ ನೋಡಿ ಸಮಾಧಾನ ಪಡದೆ ಫೇಸುವಾರು ಕಿಲೋವ್ಯಾಟ್ ಪುಟ ತೆಗೆಯಿರಿ, ಮೈನಸ್ ಎಲ್ಲಿದೆಯೋ ಅಲ್ಲಿ ಕೈ ಹಾಕಿ. ಸಿಟಿಯ ಪಿ1 ಬರೆದ ಮುಖ ಸಪ್ಲೈ ಕಡೆಗೆ ಇರಬೇಕು.

ಕೈ ಹಾಕುವ ಮುನ್ನ ಇಷ್ಟು: ಲೋಡು ಓಡುವಾಗ ಸಿಟಿ ಸೆಕೆಂಡರಿಯ ವೈರು ಎಂದೂ ಬಿಚ್ಚಬಾರದು. ತೆರೆದ ಸೆಕೆಂಡರಿಯಲ್ಲಿ ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ, ಮನುಷ್ಯನಿಗೂ ಸಿಟಿಗೂ ಕೇಡು. ಮೇನ್ ಇಳಿಸಿ, ಇಲ್ಲವೇ ಟರ್ಮಿನಲ್ ಬ್ಲಾಕಿನ ಶಾರ್ಟಿಂಗ್ ಲಿಂಕ್ (ಸೆಕೆಂಡರಿಯ ಎರಡು ತುದಿ ಕೂಡಿಸುವ ಪಟ್ಟಿ) ಹಾಕಿ ಆಮೇಲೆ ಬಿಚ್ಚಿ. ಶಾರ್ಟಿಂಗ್ ಲಿಂಕ್ ಇರುವ ಟರ್ಮಿನಲ್ ಬ್ಲಾಕನ್ನು ಪ್ಯಾನಲ್ ಮಾಡಿಸುವಾಗಲೇ ಕೇಳಿ ಹಾಕಿಸಿಕೊಳ್ಳಿ. ಆಮೇಲೆ ಸೇರಿಸುವುದು ರಗಳೆ.

ವೈರಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸಿಟಿಯಿಂದ ಮೀಟರಿಗೆ 10 ಮೀಟರ್ ದೂರ ಎಂದರೆ ಹೋಗಿ ಬರಲು 20 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 5 ಆಂಪಿಯರಿಗೆ ವೈರೊಂದೇ ಸುಮಾರು 3.7 ವಿಎ ತಿನ್ನುತ್ತದೆ. 5 ವಿಎ (ವೋಲ್ಟ್-ಆಂಪಿಯರ್) ಹೊರೆ ಹೊರಬಲ್ಲ ಸಿಟಿಗೆ ಅದು ಅಂಚಿನ ಮಾತು. 4 ಚದರ ಮಿಲಿಮೀಟರಿನ ವೈರು ಎಳೆಯಿರಿ, ಇಲ್ಲವೇ 1 ಆಂಪಿಯರ್ ಸೆಕೆಂಡರಿಯ ಸಿಟಿ ಕೊಳ್ಳಿ. ಕೊಂಡರೆ ಮೆನುವಿನಲ್ಲಿ ಸೆಕೆಂಡರಿ ಬದಲಿಸುವುದನ್ನು ಮರೆಯಬೇಡಿ.

ಈಗ ಸೇವ್ ಮಾಡುವುದು. ಒಂದು ಅಂಕಿ ಬದಲಿಸಿ ಎಂಟರ್ ಒತ್ತಿದರೆ ಮಿನುಗುವುದು ನಿಲ್ಲುತ್ತದೆ, ಆಯಿತು ಎಂದುಕೊಳ್ಳುತ್ತೇವೆ. ಆಗಿಲ್ಲ. ಪಟ್ಟಿಯ ಕೊನೆಗೆ ಹೋಗಿ ಸೇವ್ ಪುಟದಲ್ಲಿ ಯೆಸ್ ಎಂದು ಒಪ್ಪಿದ ಮೇಲೇ ಅದು ಒಳಗೆ ಉಳಿಯುತ್ತದೆ. ನಡುವೆ 60 ಸೆಕೆಂಡ್ ಯಾವ ಬಟನ್ನೂ ಒತ್ತದೆ ಇದ್ದರೆ ಮೀಟರ್ ತಾನಾಗಿ ಮಾಮೂಲಿ ಪುಟಕ್ಕೆ ಹಿಂದಿರುಗುತ್ತದೆ, ಹಳೆಯ ಸಂಖ್ಯೆಯೇ ಉಳಿಯುತ್ತದೆ. ಕರೆಂಟು ಹೋದರೂ ಅದೇ ಕಥೆ. ಕೈಪಿಡಿ ತಿರುವಿ ಹಾಕುತ್ತಾ ಸೆಟ್ಟಿಂಗ್ ಮಾಡುವವರಿಗೆ ಈ 60 ಸೆಕೆಂಡ್ ಸಾಲದು, ಈ ಮೀಟರಿನ ಮೇಲೆ ನನ್ನ ಮೊದಲ ಆಕ್ಷೇಪ ಇದು. ಬೇಕಾದ ಸಂಖ್ಯೆಗಳನ್ನೆಲ್ಲ ಮೊದಲೇ ಚೀಟಿಯಲ್ಲಿ ಬರೆದುಕೊಂಡು ಒಳಗೆ ಹೋಗಿ.

ಸಿಟಿ ಅನುಪಾತ ಬದಲಿಸಿದರೆ ಈ ಮಾದರಿಯಲ್ಲಿ ಹಳೆಯ ಯೂನಿಟ್ ತಿದ್ದಿಕೊಳ್ಳುವುದಿಲ್ಲ. ತಪ್ಪು ಅನುಪಾತದಲ್ಲಿ ಓಡಿದ ಯೂನಿಟ್ ಹಾಗೇ ಕೂತಿರುತ್ತದೆ, ಅದರ ಮೇಲೆ ಸರಿಯಾದದ್ದು ಸೇರುತ್ತಾ ಹೋಗುತ್ತದೆ. ಬದಲಿಸುವ ದಿನದ ಸಂಖ್ಯೆ ಬರೆದುಕೊಂಡು, ಯೂನಿಟ್ ರಿಸೆಟ್ ಮಾಡಿ, ಸೊನ್ನೆಯಿಂದ ಶುರು ಮಾಡುವುದೇ ಲೇಸು. ರಿಸೆಟ್ ಪುಟದಲ್ಲಿ ಯೂನಿಟ್ಟಿಗೊಂದು, ಡಿಮ್ಯಾಂಡಿಗೊಂದು, ಕನಿಷ್ಠ-ಗರಿಷ್ಠಕ್ಕೊಂದು ಬೇರೆ ಬೇರೆ ಸಾಲಿವೆ, ಒಟ್ಟಿಗೆ ಅಳಿಸುವ ಸಾಲೂ ಇದೆ. ಡಿಮ್ಯಾಂಡ್ ಅಳಿಸಲು ಹೋಗಿ ಒಟ್ಟಿಗೆ ಅಳಿಸುವ ಸಾಲಿನಲ್ಲಿ ಎಂಟರ್ ಒತ್ತಿದರೆ ವರ್ಷದ ಲೆಕ್ಕ ಹೋಯಿತು. ಅದಕ್ಕೆ ಇನ್ನೊಂದು ಪಾಸ್‌ವರ್ಡ್ ಇಡಬೇಕಿತ್ತು ಕಂಪನಿಯವರು.

ಯೂನಿಟ್ ಓದುವುದರಲ್ಲೂ ಒಂದು ಮೋಸವಿದೆ. ಒಂದು ಸಾಲಿಗೆ ನಾಲ್ಕೇ ಅಂಕಿ. ಹಾಗಾಗಿ ಎಂಟಂಕಿಯ ಯೂನಿಟ್ ಎರಡು ಸಾಲಿನಲ್ಲಿ ಬರುತ್ತದೆ: ಮೇಲೆ 0012, ಕೆಳಗೆ 3456 ಇದ್ದರೆ 1,23,456 ಯೂನಿಟ್. ರಾತ್ರಿ ಪಾಳಿಯವರು ಕೆಳಗಿನ ಸಾಲು ಮಾತ್ರ ಬರೆದು 3456 ಎಂದು ಪುಸ್ತಕಕ್ಕೆ ಹಾಕಿಬಿಡುತ್ತಾರೆ. ಕೆಳಗಿನ ಸಾಲು 9999 ದಾಟಿ 0000 ಆದ ದಿನ ಮಾಲೀಕರಿಗೆ ಫೋನು ಹೋಗುತ್ತದೆ. ಪಕ್ಕದಲ್ಲಿ ಕಿಲೋ, ಮೆಗಾ ದೀಪ ಯಾವುದು ಉರಿಯುತ್ತಿದೆ ಎನ್ನುವುದನ್ನೂ ನೋಡಿ ಬರೆಯಲು ಹೇಳಿ.

ಡಿಮ್ಯಾಂಡ್ ಪುಟವನ್ನು ಬಹಳ ಜನ ಮುಟ್ಟುವುದೇ ಇಲ್ಲ, ನನ್ನ ಮಟ್ಟಿಗೆ ಮೀಟರಿಗೆ ಕೊಟ್ಟ ಹಣ ವಾಪಸ್ ಬರುವುದು ಅಲ್ಲಿಂದಲೇ. ಸರಾಸರಿ ತೆಗೆಯುವ ಅವಧಿಯನ್ನು ಸೆಸ್ಕ್‌ನ (ನಮ್ಮ ಕಡೆ ವಿದ್ಯುತ್ ಕೊಡುವ ಕಂಪನಿ) ಬಿಲ್ಲಿಂಗ್ ಮೀಟರ್ ಯಾವುದು ಹಿಡಿಯುತ್ತದೋ ಅದಕ್ಕೇ ಹೊಂದಿಸಬೇಕು. ಇಲ್ಲಿ 15, ಅಲ್ಲಿ 30 ನಿಮಿಷ ಎಂದಾದರೆ ಎರಡು ಸಂಖ್ಯೆ ಎಂದೂ ಕೂಡುವುದಿಲ್ಲ. ಬ್ಲಾಕ್ ಲೆಕ್ಕವೋ (ಅವಧಿ ಮುಗಿದ ಮೇಲೆ ಹೊಸದಾಗಿ ಶುರು) ಸರಿಯುವ ಕಿಟಕಿಯ ಲೆಕ್ಕವೋ (ಅವಧಿಯನ್ನು ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾ ಸರಾಸರಿ) ಎನ್ನುವ ಆಯ್ಕೆಯೂ ಅಲ್ಲೇ ಇದೆ. ಸರಿಯುವ ಲೆಕ್ಕ ಸಾಮಾನ್ಯವಾಗಿ ತುಸು ಹೆಚ್ಚು ತೋರಿಸುತ್ತದೆ. ಮೋಟಾರ್ ಸ್ಟಾರ್ಟ್ ಆಗುವಾಗಿನ ಕರೆಂಟಿನಿಂದ ಡಿಮ್ಯಾಂಡ್ ಏರುತ್ತದೆ ಎಂಬ ಭಯ ಬೇಡ. ಹತ್ತು ಸೆಕೆಂಡಿನ ಏರಿಕೆ ಅಷ್ಟು ನಿಮಿಷದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಏರಿಸುವುದು ಎಲಿವೇಟರ್, ಹಲ್ಲರ್, ಪಾಲಿಷರ್ ಎಲ್ಲ ಒಟ್ಟಿಗೆ ಪೂರ್ಣ ಲೋಡಿನಲ್ಲಿ ಅರ್ಧ ಗಂಟೆ ಓಡುವುದು. ಬಿಲ್ ರೀಡಿಂಗ್ ಆದ ದಿನವೇ ಡಿಮ್ಯಾಂಡ್ ರಿಸೆಟ್ ಮಾಡಿದರೆ ತಿಂಗಳ ಹೋಲಿಕೆ ಸಿಗುತ್ತದೆ. ಅಂದ ಹಾಗೆ ಬಿಲ್ಲಿಗೆ ಲೆಕ್ಕ ಸೆಸ್ಕ್ ಮೀಟರಿನದೇ. ಇದನ್ನು ತೋರಿಸಿ ವಾದ ಮಾಡಿ ಫಲವಿಲ್ಲ, ಅನುಮಾನ ಬಂದರೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಲು ಆಧಾರ ಆಗಬಹುದು.

ಪವರ್ ಫ್ಯಾಕ್ಟರ್ ಪುಟದ ಬಗ್ಗೆ ಎರಡು ಮಾತು. ಮೇಲಿನ 36.7 ಕಿಲೋವ್ಯಾಟ್ ಲೋಡಿಗೆ 15 ಕೆವಿಎಆರ್ ಕೆಪಾಸಿಟರ್ ಸೇರಿಸಿದರೆ 0.85 ಇದ್ದದ್ದು 0.98ರ ಹತ್ತಿರ ಬರುತ್ತದೆ, ಕರೆಂಟ್ 60ರಿಂದ 52ಕ್ಕೆ ಇಳಿಯುತ್ತದೆ. ಕೆಪಾಸಿಟರ್ ಹಾಕಿದ ಮೇಲೂ ಮೀಟರ್ 0.85 ಎಂದೇ ಹೇಳುತ್ತಿದ್ದರೆ ಕೆಪಾಸಿಟರ್ ಕೆಟ್ಟಿದೆ ಎಂದು ವಾಪಸ್ ಕೊಡುವ ಮೊದಲು ಅದನ್ನು ಎಲ್ಲಿಂದ ಟ್ಯಾಪ್ ಮಾಡಿದ್ದಾರೆ ನೋಡಿ. ಸಿಟಿಗಿಂತ ಮೊದಲೇ, ಸಪ್ಲೈ ಕಡೆಯಿಂದ ತೆಗೆದಿದ್ದರೆ ಈ ಮೀಟರಿಗೆ ಅದು ಕಾಣುವುದೇ ಇಲ್ಲ. ರಾತ್ರಿ ಮಿಲ್ ನಿಂತಾಗ ಪವರ್ ಫ್ಯಾಕ್ಟರ್ ಮುಂದೆ ಮೈನಸ್ ಬಂದರೆ ಕೆಪಾಸಿಟರ್ ಆಫ್ ಆಗದೆ ಲೀಡ್ ಹೊಡೆಯುತ್ತಿದೆ (ಕರೆಂಟ್ ವೋಲ್ಟೇಜಿಗಿಂತ ಮುಂದಿದೆ) ಎಂದರ್ಥ, ಅದನ್ನು ಆನ್-ಆಫ್ ಮಾಡುವ ಕಾಂಟ್ಯಾಕ್ಟರ್ ನೋಡಿ.

ಆರ್‌ಎಸ್-485 ಕೆಲಸ ಮಾಡುತ್ತದೆ, ಹೆಚ್ಚು ಹೇಳುವುದಿಲ್ಲ. ಒಂದೇ ಕೇಬಲ್ಲಿನ ಪ್ರತಿ ಮೀಟರಿಗೂ ಬೇರೆ ಬೇರೆ ವಿಳಾಸ, ಎಲ್ಲಕ್ಕೂ ಒಂದೇ ಬಾಡ್ ರೇಟ್ (ಡೇಟಾ ಕಳಿಸುವ ವೇಗ), ಒಂದೇ ಪ್ಯಾರಿಟಿ (ತಪ್ಪು ಪತ್ತೆಯ ಸೆಟ್ಟಿಂಗ್). ಸಂಪರ್ಕ ಬಂದು ಸಂಖ್ಯೆ ಮಾತ್ರ ಅರ್ಥವಿಲ್ಲದ್ದಾಗಿದ್ದರೆ ಎರಡು ರಿಜಿಸ್ಟರುಗಳ ಕ್ರಮವನ್ನು ಸಾಫ್ಟ್‌ವೇರಿನಲ್ಲಿ ಅದಲುಬದಲು ಮಾಡಿ ನೋಡಿ. ಉದ್ದದ ಕೇಬಲ್ಲಿಗೆ ತುದಿಯಲ್ಲಿ 120 ಓಮ್ ರೆಸಿಸ್ಟರ್.

ಇನ್ನು ಬಾಳಿಕೆ. ರೈಸ್‌ಮಿಲ್ಲಿನಲ್ಲಿ ಮೀಟರಿನ ಶತ್ರು ತೌಡಿನ ಧೂಳು. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಬಟನ್ನಿನ ಮೇಲೆ ಅಂಟಿ ಕೂರುತ್ತದೆ. ಬಟನ್ನಿನ ಮೇಲಿನ ಪದರ ಮೆತ್ತಗಿನ ಪ್ಲಾಸ್ಟಿಕ್, ಕೆಳಗೆ ಪುಟ್ಟ ಟ್ಯಾಕ್ಟ್ ಸ್ವಿಚ್. ಹೆಚ್ಚು ಒತ್ತಿಸಿಕೊಳ್ಳುವ ಮೇಲಿನ ಬಟನ್ನೇ ಮೊದಲು ಸೋಲುತ್ತದೆ: ಒಂದು ಸಲ ಒತ್ತಿದರೆ ಎರಡು ಪುಟ ಹಾರುವುದು, ಆಮೇಲೆ ಗಟ್ಟಿಯಾಗಿ ಒತ್ತಿದರಷ್ಟೇ ಕೇಳುವುದು. ಸ್ಕ್ರೂಡ್ರೈವರ್ ಹಿಡಿಯಿಂದ ಒತ್ತುವ ಅಭ್ಯಾಸ ನಿಲ್ಲಿಸಿದರೆ ಅರ್ಧ ಆಯುಷ್ಯ ಹೆಚ್ಚುತ್ತದೆ. ಆಟೋ ಸ್ಕ್ರಾಲ್ ಆನ್ ಮಾಡಿ 5 ಸೆಕೆಂಡಿಗೊಂದು ಪುಟ ಬರುವಂತೆ ಇಟ್ಟರೆ ಒತ್ತುವ ಅಗತ್ಯವೇ ಕಡಿಮೆ. ಒರೆಸಲು ಒಣ ಬಟ್ಟೆ ಸಾಕು, ಥಿನ್ನರ್ ತಾಗಿಸಿದರೆ ಮುಂಭಾಗ ಮಂಜಾಗುತ್ತದೆ. ಮೀಟರ್ ಕೂರಿಸುವ 92×92ರ ಕಿಂಡಿಯನ್ನು ಕೈಗರಗಸದಲ್ಲಿ ದೊಡ್ಡದಾಗಿ ಕೊಯ್ದಿದ್ದರೆ ಗ್ಯಾಸ್ಕೆಟ್ ಕೂರುವುದಿಲ್ಲ, ಧೂಳು ಪ್ಯಾನಲ್ಲಿನ ಒಳಕ್ಕೇ ಬರುತ್ತದೆ.

ಎಲ್‌ಇಡಿ ಬೇಕೋ ಎಲ್‌ಸಿಡಿ ಬೇಕೋ ಎಂದರೆ ಮಿಲ್ಲಿಗೆ ಎಲ್‌ಇಡಿ. ದೂರದಿಂದ, ಧೂಳಿನಲ್ಲೂ ಓದಬಹುದು. ತೂಬಿನಕೆರೆ, ಹೆಬ್ಬಾಳದಂಥ ಕೈಗಾರಿಕಾ ಪ್ರದೇಶಗಳ ಮುಚ್ಚಿದ ಎಲೆಕ್ಟ್ರಿಕಲ್ ರೂಮಿಗಾದರೆ ಎಲ್‌ಸಿಡಿ ಪರವಾಗಿಲ್ಲ, ಅದರಲ್ಲಿ ಮೆನು ಪೂರ್ತಿ ಪದಗಳಲ್ಲಿ ಬರುವುದರಿಂದ ಸೆಟ್ಟಿಂಗ್ ಸುಲಭ.

ಕೊಳ್ಳುವಾಗ ಅಂಗಡಿಯಲ್ಲೇ 230 ವೋಲ್ಟ್ ಕೊಟ್ಟು ಆನ್ ಮಾಡಿಸಿ. ನಾಲ್ಕೂ ಬಟನ್ ಒತ್ತಿ, ಮೆನುವಿನೊಳಗೆ ಹೋಗಿ ಸಿಟಿ ಪ್ರೈಮರಿಯನ್ನು 100 ಮಾಡಿ, ಸೇವ್ ಮಾಡಿ, ಪ್ಲಗ್ ಕಿತ್ತು ಮತ್ತೆ ಹಾಕಿ. 100 ಉಳಿದಿದ್ದರೆ ಬಿಲ್ ಹಾಕಿಸಿ. ಕೈಪಿಡಿ ಡಬ್ಬಿಯಲ್ಲಿದೆಯೇ ನೋಡಿಕೊಳ್ಳಿ, ಹಿಂದಿನ ಟರ್ಮಿನಲ್ ಕವರ್ ಕೇಳಿ ಪಡೆಯಿರಿ. ಕೇಳದಿದ್ದರೆ ಅದು ಅಂಗಡಿಯಲ್ಲೇ ಉಳಿಯುತ್ತದೆ.