ಸ್ಟೆಪ್ ಡ್ರಿಲ್ ಬಿಟ್: ಎಲ್ಲಾ ಸರಿ, 19 ಎಲ್ಲಿ?

ತೆಳು ಅಲ್ಯೂಮಿನಿಯಂ ಪತ್ರಾದಲ್ಲಿ ಮಾಮೂಲಿ ಡ್ರಿಲ್ ಬಿಟ್ ಹಿಡಿದು ದೊಡ್ಡ ತೂತು ಹಾಕಿದವರಿಗೆ ಗೊತ್ತು, ದುಂಡಗೆ ಬರೋದೇ ಇಲ್ಲ. ಬಿಟ್‌ನ ಅಗಲ ಪೂರ್ತಿ ಪತ್ರಾದೊಳಗೆ ಇಳಿಯುವ ಮೊದಲೇ ಚೂಪು ತುದಿ ಆಚೆ ಬದಿಗೆ ಹೋಗಿರುತ್ತದೆ. ಹಿಡಿತ ತಪ್ಪಿದ ಬಿಟ್ ಕುಣಿಯುತ್ತದೆ, ಮೂರು ಮೂಲೆಯ ತೂತಾಗುತ್ತದೆ. ಬೇರೆ ಕೆಲಸಕ್ಕಾದರೆ ನಡೀತದೆ. ಆದರೆ ಬೆಳಗಾವಿಯ ನಮ್ಮ ಶೆಡ್ಡಿನಲ್ಲಿ ಕಟ್ಟುತ್ತಿರೋದು ಎರಡು ಸೀಟಿನ ಕಿಟ್ ವಿಮಾನ, ಅಂದರೆ ಬಿಡಿಭಾಗಗಳನ್ನು ತರಿಸಿ ನಾವೇ ಜೋಡಿಸುವಂಥದ್ದು. ಎಂಜಿನ್ ನಡುಕಕ್ಕೆ ಬಿರುಕು ಶುರುವಾಗೋದೇ ಇಂಥ ಹರಕು ಅಂಚಿನಿಂದ.

ಅದಕ್ಕೇ ಈ ಸ್ಟೆಪ್ ಡ್ರಿಲ್ ಸೆಟ್ ತಂದೆ. ಶಂಕುವಿನಾಕಾರದ ಬಿಟ್, ಮೈತುಂಬ ಮೆಟ್ಟಿಲು; ಒಳಗೆ ಇಳಿದಂತೆ ಒಂದೊಂದು ಮೆಟ್ಟಿಲೂ ತೂತನ್ನು ಇನ್ನಷ್ಟು ಅಗಲ ಮಾಡುತ್ತದೆ. ಮೂರು ಬಿಟ್, ಮೇಲೆ ಚಿನ್ನದ ಬಣ್ಣದ ಲೇಪ, 600 ರೂಪಾಯಿ ಆಸುಪಾಸು. ತಂದು ವರ್ಷ ದಾಟಿತು. ರಿವೆಟ್ ತೂತುಗಳು ನನ್ನ ಕಿಟ್‌ನಲ್ಲಿ ಹೊಡೆದೇ ಬಂದಿದ್ದವು. ವೈರು, ಪೈಪು ಹಾಯಿಸುವ ತೂತುಗಳಷ್ಟೇ ನನ್ನ ಪಾಲಿಗೆ. ಅದಕ್ಕೆ 4ರಿಂದ 20 ಮಿ.ಮೀ.ವರೆಗಿನ ಬಿಟ್ ಸಾಕು.

ಈಗ ಆ ಕೆಲಸ ಅಂದರೆ ಖುಷಿ. ಸೆಂಟರ್ ಪಂಚ್ ಹೊಡೆದು, ಸಣ್ಣ ಬಿಟ್‌ನಿಂದ ದಾರಿ ಮಾಡ್ಕೋತೀನಿ. ಎಲ್ಲಿ ನಿಲ್ಲಿಸಬೇಕೋ ಅದರ ಮುಂದಿನ ಮೆಟ್ಟಿಲಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಸುತ್ತು. ಬಿಟ್‌ಗೆ ಮೇಣದಬತ್ತಿ ಉಜ್ಜೋದು, ಇಲ್ಲದಿದ್ದರೆ ಅಲ್ಯೂಮಿನಿಯಂ ಅಂಚಿಗೆ ಮೆತ್ತಿಕೊಳ್ಳುತ್ತದೆ. ಡ್ರಿಲ್ ನಿಧಾನಕ್ಕೆ ತಿರುಗಬೇಕು. ಒಂದೊಂದು ಮೆಟ್ಟಿಲು ಇಳಿದಾಗಲೂ ಬೆಳ್ಳಿ ಸುರುಳಿ ಏಳುತ್ತದೆ, ಕೈಗೆ ಒಂದು ಸಣ್ಣ ಜಗ್ಗು ಸಿಗುತ್ತದೆ. ಕಪ್ಪು ಸುತ್ತು ಪತ್ರಾಕ್ಕೆ ಹೂವಿನಷ್ಟು ಹಗುರವಾಗಿ ತಾಗಿದರೆ ಆ ಬದಿಯ ಬರ್, ಅಂದರೆ ಅಂಚಿನಲ್ಲಿ ಎದ್ದ ಚೂಪು ಮುಳ್ಳು, ತಾನೇ ಹೋಗುತ್ತದೆ. ಹಿಂಬದಿಯದನ್ನು ದೊಡ್ಡ ಬಿಟ್ ಕೈಯಲ್ಲೇ ತಿರುಗಿಸಿ ತೆಗೀತೀನಿ. ಕೊನೆಗೆ ಚೂರು ಹತ್ತಿ ತಗೊಂಡು ಅಂಚಿನ ಸುತ್ತ ಸವರಬೇಕು. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಇನ್ನೂ ಬರ್ ಉಳಿದಿದೆ ಅಂತ ಅರ್ಥ. ಬೆರಳಿಗೆ ಗೊತ್ತಾಗದ್ದು ಹತ್ತಿಗೆ ಗೊತ್ತಾಗುತ್ತದೆ.

ಇಷ್ಟು ಹೊಗಳಿ ಆಯ್ತು. ಈಗ ಸಿಟ್ಟಿನ ವಿಷಯ.

ಈ ಬಿಟ್‌ನ ಮೆಟ್ಟಿಲು 2 ಮಿ.ಮೀ.ಗೊಂದು. ಕಿಟ್ ವಿಮಾನದ ನಕ್ಷೆ ಪೂರ್ತಿ ಇಂಚಿನಲ್ಲಿ. ವೈರು ಉಜ್ಜದಂತೆ ತೂತಿಗೆ ಕೂರಿಸುವ ನೈಲಾನ್ ಬುಶ್ ಮುಕ್ಕಾಲು ಇಂಚಿನ ತೂತು ಕೇಳುತ್ತದೆ, ಅಂದರೆ 19.05 ಮಿ.ಮೀ. ಬಿಟ್‌ನಲ್ಲಿ 18 ಇದೆ, 20 ಇದೆ. 18ರಲ್ಲಿ ಬುಶ್ ಹೋಗಲ್ಲ. 20ರಲ್ಲಿ ಲೊಡಲೊಡ. 18 ಕೊರೆದು ಉಳಿದದ್ದನ್ನು ಅರ ಹಾಕಿ ತೀಡು ಅಂತಾರೆ ಕೆಲವರು. ತೂತಿಗೊಂದು ಸಂಜೆ ಕಳೆಯೋಕೆ ಪುರುಸೊತ್ತಿದ್ದರೆ ತೀಡಿ. 5/8 ಇಂಚಿನ ತೂತಿಗೆ ತೊಂದರೆ ಇಲ್ಲ. ಅದು 15.88 ಮಿ.ಮೀ., 16ರ ಮೆಟ್ಟಿಲು ನಡೆಯುತ್ತದೆ. ಇಂಚಿನ ಸ್ಟೆಪ್ ಬಿಟ್ ಇಲ್ಲಿನ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ಆನ್‌ಲೈನ್‌ನಲ್ಲಿ ಒಳ್ಳೇದೊಂದರ ಬೆಲೆಗೆ ನನ್ನ ಇಡೀ ಸೆಟ್ ಮೂರು ಸಲ ಬರುತ್ತದೆ.

ಕೊನೆಗೆ ಕೆಲಸ ಆಗಿದ್ದು ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ. ಟೂಲ್ ಗ್ರೈಂಡರ್ ಇರೋ ಒಂದು ಸಣ್ಣ ವರ್ಕ್‌ಶಾಪಿಗೆ ಹೋಗಿ 20ರ ಮೆಟ್ಟಿಲನ್ನು 19.05ಕ್ಕೆ ಇಳಿಸಿಕೊಡಿ ಅಂದೆ. "ಯಾವ ಮಷೀನಿಗ್ರಿ ಸರ?" ಅಂದರು. ವಿಮಾನಕ್ಕೆ ಅಂದೆ. ನಕ್ಕರು. ಆದರೆ ಮೈಕ್ರೋಮೀಟರ್ ಹಿಡಿದು ಅಳತೆ ತೋರಿಸಿಯೇ ಕೊಟ್ಟರು, ಅಂಚಿನ ಹಿಂಬದಿ ತೂತಿಗೆ ಉಜ್ಜದಂತೆ ಇಳಿಜಾರೂ ಹೊಡೆದು. ಬುಶ್ ಈಗ ಟಕ್ ಅಂತ ಕೂರುತ್ತದೆ. ಇನ್ನೊಂದು ಲಾಭ: ಸಾಣೆ ಹಿಡಿದಲ್ಲಿ ಲೇಪ ಹೋಗಿ ಆ ಮೆಟ್ಟಿಲು ಮಾತ್ರ ಬೆಳ್ಳಗೆ ಕಾಣುತ್ತದೆ. ಹುಡುಕೋದೇ ಬೇಡ.

ಹಾಗಾಗಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ನನ್ನ ಪ್ರಕಾರ ಗ್ರೈಂಡರ್‌ನವರದು. ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಸ್ಟೇನ್‌ಲೆಸ್ ಸ್ಟೀಲ್ ತಡೆಗೋಡೆ, ಅಂದರೆ ಫೈರ್‌ವಾಲ್‌ಗೆ ಮಾತ್ರ ಇದನ್ನು ಮುಟ್ಟಿಸಬೇಡಿ. ಬಿಟ್ ಉಜ್ಜಿದಷ್ಟೂ ಸ್ಟೇನ್‌ಲೆಸ್ ಗಟ್ಟಿಯಾಗುತ್ತಾ ಹೋಗುತ್ತದೆ, 600 ರೂಪಾಯಿಯ ಅಂಚು ಸುಟ್ಟು ನೀಲಿಯಾಗುತ್ತದೆ. ಅದಕ್ಕೆ ಕೋಬಾಲ್ಟ್ ಬಿಟ್ ಬೇರೆಯೇ ತಗೊಳ್ಳಿ.