ಟ್ಯಾಗೆಟ್: ಸಂದರ್ಶನಕ್ಕೆ ಒಗ್ಗುವ, ಗುಂಪು ಚರ್ಚೆಗೆ ಇನ್ನೂ ಒಗ್ಗದ ಉಚಿತ ತಂತ್ರಾಂಶ

ಸಂದರ್ಶನ ಮತ್ತು ಗುಂಪು ಚರ್ಚೆಗಳನ್ನು ಆಧರಿಸಿ ಗುಣಾತ್ಮಕ ಸಂಶೋಧನೆ ನಡೆಸುವವರ ಮುಂದೆ ಕೊನೆಗೆ ರಾಶಿ ಬೀಳುವುದು ನೂರಾರು ಪುಟಗಳ ಮಾತು. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುವುದು ಸಾಮಾನ್ಯ. ಗುಂಪು ಚರ್ಚೆಯಾದರೆ ಯಾವ ಮಾತು ಯಾರದ್ದೆಂದು ಗುರುತಿಸುವುದರಲ್ಲೇ ಇನ್ನಷ್ಟು ಹೊತ್ತು ಕಳೆಯುತ್ತದೆ. ಹೀಗೆ ಸಿದ್ಧವಾದ ಪಠ್ಯವನ್ನು ಸಾಲು ಸಾಲಾಗಿ ಓದಿ, ಮುಖ್ಯವೆನಿಸಿದ ಭಾಗಗಳಿಗೆ ಗುರುತು ಹಾಕಿ, ಒಂದೇ ಅರ್ಥದ ಮಾತುಗಳನ್ನು ಒಟ್ಟುಗೂಡಿಸುವ ಕೆಲಸವೇ ಕೋಡಿಂಗ್. ಇದಕ್ಕೆಂದು ಎನ್‌ವಿವೊ, ಮ್ಯಾಕ್ಸ್‌ಕ್ಯೂಡಿಎ ಮೊದಲಾದ ಸಮರ್ಥ ತಂತ್ರಾಂಶಗಳಿವೆ. ಆದರೆ ಅವುಗಳ ಪರವಾನಗಿ ಶುಲ್ಕ ವಿದ್ಯಾರ್ಥಿಗಳಿಗೂ ಸಣ್ಣ ತಂಡಗಳಿಗೂ ಹೊರಲಾಗದ ಹೊರೆ. ರೆಮಿ ರಾಂಪಿನ್ ಮತ್ತು ವಿಕಿ ರಾಂಪಿನ್ ರೂಪಿಸಿರುವ ಟ್ಯಾಗೆಟ್ ಈ ಹೊರೆಯನ್ನು ಇಳಿಸುವ ಉಚಿತ ತಂತ್ರಾಂಶ. ಅದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತವಾಗಿದೆ.

ಇದನ್ನು ಕಲಿಯಲು ಅರ್ಧ ದಿನವೂ ಬೇಕಾಗಿಲ್ಲ. ವರ್ಡ್, ಪಿಡಿಎಫ್ ಅಥವಾ ಸಾದಾ ಪಠ್ಯದ ಕಡತವನ್ನು ಒಳಗೆ ತಂದುಕೊಂಡರೆ ಅದು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಬೇಕಾದ ಸಾಲುಗಳನ್ನು ಆಯ್ದುಕೊಂಡು ಒಂದು ಅಥವಾ ಹಲವು ಟ್ಯಾಗ್‌ಗಳನ್ನು, ಅಂದರೆ ಕೋಡ್‌ಗಳ ಹೆಸರುಗಳನ್ನು, ಹಚ್ಚಬಹುದು, ಒಂದು ಗುರುತಿನ ಮೇಲೆ ಇನ್ನೊಂದು ಗುರುತು ಹಾಯ್ದು ಹೋದರೂ ತೊಂದರೆಯಿಲ್ಲ. ಪ್ರತಿ ಟ್ಯಾಗ್‌ಗೂ ವಿವರಣೆ ಬರೆಯಲು ಜಾಗವಿದೆ. ಓದುತ್ತ ಹೋದಂತೆ ಎರಡು ಟ್ಯಾಗ್‌ಗಳು ಒಂದೇ ವಿಷಯವನ್ನು ಹೇಳುತ್ತಿವೆ ಎಂದು ತಿಳಿದರೆ ಅವೆರಡನ್ನೂ ವಿಲೀನಗೊಳಿಸಬಹುದು. ಪಿಡಿಎಫ್ ಕಡತಗಳ ವಿನ್ಯಾಸ ಒಳಬರುವಾಗ ಕೆಡುವ ಸಾಧ್ಯತೆ ಇರುವುದರಿಂದ ವರ್ಡ್ ಕಡತವನ್ನೇ ಬಳಸುವುದು ಒಳ್ಳೆಯದು.

ಒಬ್ಬರೊಡನೆ ಒಬ್ಬರು ಕುಳಿತು ನಡೆಸಿದ ಸಂದರ್ಶನಗಳ ವಿಶ್ಲೇಷಣೆಗೆ ಇಷ್ಟು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಒಂದು ಕಡತವೆಂದರೆ ಒಬ್ಬ ವ್ಯಕ್ತಿ. ಒಂದು ಟ್ಯಾಗ್‌ನ ಅಡಿಯಲ್ಲಿರುವ ಎಲ್ಲ ಉಲ್ಲೇಖಗಳನ್ನು ಒಟ್ಟಿಗೆ ತೆರೆದರೆ, ಪ್ರತಿಯೊಂದೂ ಯಾವ ಕಡತದಿಂದ ಬಂದಿದೆ ಎಂಬುದರಿಂದಲೇ ಯಾರ ಮಾತೆಂದು ತಿಳಿಯುತ್ತದೆ. 2006ರಲ್ಲಿ ಗ್ರೆಗ್ ಗೆಸ್ಟ್ ಮತ್ತು ಸಹಲೇಖಕರು ಪ್ರಕಟಿಸಿದ ಅಧ್ಯಯನದಲ್ಲಿ, 60 ಸಂದರ್ಶನಗಳ ಪೈಕಿ ಮೊದಲ 12ರಲ್ಲೇ ಹೆಚ್ಚಿನ ಕೋಡ್‌ಗಳು ಕಾಣಿಸಿಕೊಂಡಿದ್ದವು. ಎಲ್ಲ ಅಧ್ಯಯನಗಳಿಗೂ ಅದೇ ಸಂಖ್ಯೆ ಅನ್ವಯಿಸದಿದ್ದರೂ, ಸ್ನಾತಕೋತ್ತರ ಪ್ರಬಂಧಗಳು ಬಹುಮಟ್ಟಿಗೆ ಆ ಗಾತ್ರದ ಆಸುಪಾಸಿನಲ್ಲೇ ಇರುತ್ತವೆ, ಮತ್ತು ಅಷ್ಟು ಸಂದರ್ಶನಗಳನ್ನು ಟ್ಯಾಗೆಟ್ ಸಲೀಸಾಗಿ ನಿಭಾಯಿಸುತ್ತದೆ.

ಗುಂಪು ಚರ್ಚೆಯ ವಿಷಯಕ್ಕೆ ಬಂದಾಗ ಮಾತ್ರ ಈ ಸರಳತೆಯೇ ತೊಡಕಾಗುತ್ತದೆ. ರಾಬರ್ಟ್ ಮರ್ಟನ್ ಮತ್ತು ಪೆಟ್ರೀಶಿಯಾ ಕೆಂಡಾಲ್ 1946ರಲ್ಲಿ ಕೇಂದ್ರಿತ ಸಂದರ್ಶನದ ಬಗ್ಗೆ ಬರೆದ ಲೇಖನದಿಂದ ಬೆಳೆದುಬಂದ ಈ ವಿಧಾನದಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ಮಂದಿ ಒಟ್ಟಿಗೆ ಕುಳಿತು ಒಂದೂವರೆ ಗಂಟೆಯಷ್ಟು ಮಾತಾಡುತ್ತಾರೆ. ಅವರೆಲ್ಲರನ್ನೂ ಬೇರೆ ಬೇರೆಯಾಗಿ ಕೇಳಿದ್ದರೆ ಸಿಗದಿದ್ದ ಸಂಗತಿಯೊಂದು ಅಲ್ಲಿ ಸಿಗುತ್ತದೆ: ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗುವುದು, ಮೂರನೆಯವರು ತಡೆದು ವಿರೋಧಿಸುವುದು, ಮೊದಲು ಹಾಗೆಂದವರೇ ಸ್ವಲ್ಪ ಹೊತ್ತಿನ ಬಳಿಕ ಹೀಗೆನ್ನುವುದು. ಪಾಲ್ಗೊಂಡವರ ನಡುವಿನ ಈ ಕೊಡುಕೊಳೆಯೇ ವಿಧಾನದ ಜೀವಾಳವೆಂದೂ, ಆದರೂ ಸಂಶೋಧನಾ ವರದಿಗಳಲ್ಲಿ ಅದು ಕಾಣಿಸಿಕೊಳ್ಳುವುದು ಅಪರೂಪವೆಂದೂ ಜೆನ್ನಿ ಕಿಟ್ಸಿಂಗರ್ 1994ರಲ್ಲೇ ಎತ್ತಿ ತೋರಿಸಿದ್ದರು.

ಟ್ಯಾಗೆಟ್‌ಗೆ ಮಾತುಗಾರರು ಗೊತ್ತಿಲ್ಲ. ಅದರ ಕಣ್ಣಿಗೆ ಎಂಟು ಮಂದಿಯ ಚರ್ಚೆಯೂ ಒಂದೇ ಕಡತ, ಒಂದೇ ಪಠ್ಯ. ಮ್ಯಾಕ್ಸ್‌ಕ್ಯೂಡಿಎಯಲ್ಲಿ ಪ್ರತಿ ಮಾತಿನ ಮೊದಲು ಹೆಸರು ಮತ್ತು ವಿವರಣ ಚಿಹ್ನೆ (:) ಇದ್ದರೆ ತಂತ್ರಾಂಶವೇ ಮಾತುಗಾರರನ್ನು ಬೇರ್ಪಡಿಸಿಕೊಡುತ್ತದೆ; ಅಂಥ ಅನುಕೂಲ ಇಲ್ಲಿಲ್ಲ. ಇದರ ಪರಿಣಾಮ ಮೇಲ್ನೋಟಕ್ಕೆ ತಿಳಿಯುವುದಿಲ್ಲ. 'ವೆಚ್ಚದ ಭಯ' ಎಂಬ ಟ್ಯಾಗ್‌ನಲ್ಲಿ ಒಂಬತ್ತು ಉಲ್ಲೇಖಗಳು ಸೇರಿದ್ದರೆ ಅದು ಇಡೀ ಗುಂಪಿನ ಆತಂಕವೆಂದು ತೋರುತ್ತದೆ. ಮೂಲಕ್ಕೆ ಮರಳಿ ನೋಡಿದರೆ, ಅವುಗಳಲ್ಲಿ ಏಳು ಒಬ್ಬರೇ ಗಟ್ಟಿಯಾಗಿ, ಮತ್ತೆ ಮತ್ತೆ ಆಡಿದ ಮಾತುಗಳಾಗಿರಬಹುದು, ಉಳಿದವರು ಮೌನವಾಗಿ ಕುಳಿತಿರಬಹುದು. ಆ ಮೌನಕ್ಕೆ ಟ್ಯಾಗ್ ಹಚ್ಚುವ ದಾರಿ ಯಾವ ತಂತ್ರಾಂಶದಲ್ಲಿಯೂ ಸುಲಭವಿಲ್ಲ ಎನ್ನುವುದೂ ನಿಜ, ಆದರೆ ಮಾತುಗಾರರ ಲೆಕ್ಕವಾದರೂ ಸಿಕ್ಕಿದರೆ ಸಂಶೋಧಕರಿಗೆ ಎಚ್ಚರ ಮೂಡುತ್ತದೆ.

ಈ ಕೊರತೆಯನ್ನು ಒಂದಷ್ಟು ಮಟ್ಟಿಗೆ ತುಂಬಿಕೊಳ್ಳಬಹುದು. ಪಾಲ್ಗೊಂಡವರಿಗೆ 'ಗು2ಭಾ5' (ಎರಡನೆಯ ಗುಂಪಿನಲ್ಲಿ ಭಾಗವಹಿಸಿದ ಐದನೆಯವರು) ಎಂಬಂಥ ಸಂಕೇತ ಕೊಟ್ಟು, ಪ್ರತಿ ಮಾತಿನ ಆರಂಭದಲ್ಲಿ ಅದನ್ನು ತಪ್ಪದೆ ಬರೆದು, ಗುರುತು ಹಾಕುವಾಗ ಆ ಸಂಕೇತವನ್ನೂ ಸೇರಿಸಿಕೊಂಡೇ ಆಯ್ದುಕೊಂಡರೆ, ಉಲ್ಲೇಖ ಎಲ್ಲಿಗೆ ಹೋದರೂ ಅದನ್ನು ಆಡಿದವರ ಗುರುತು ಜೊತೆಗಿರುತ್ತದೆ. ಎಲ್ಲ ಉಲ್ಲೇಖಗಳನ್ನೂ ಎಕ್ಸೆಲ್ ಕಡತವಾಗಿ ಹೊರತೆಗೆಯುವ ಸೌಲಭ್ಯವಿರುವುದರಿಂದ, ಅಲ್ಲಿ ಸಂಕೇತವನ್ನು ಹುಡುಕಿ ಯಾರು ಎಷ್ಟು ಸಲ ಏನು ಹೇಳಿದರೆಂದು ಜಾಲಾಡಬಹುದು. ಇನ್ನೂ ಮುಖ್ಯವಾದದ್ದು, ವಿಷಯದ ಟ್ಯಾಗ್‌ಗಳ ಜೊತೆಗೆ ಒಪ್ಪಿಗೆ, ವಿರೋಧ, ನಿಲುವು ಬದಲಾವಣೆ, ನಗೆ ಎಂಬಂಥ ಪ್ರತ್ಯೇಕ ಟ್ಯಾಗ್‌ಗಳನ್ನು ಮೊದಲೇ ಮಾಡಿಕೊಂಡು, ಬಿಡಿ ವಾಕ್ಯದ ಬದಲಿಗೆ ಮಾತಿನ ಇಡೀ ಸರಣಿಗೆ ಅವನ್ನು ಹಚ್ಚುವುದು. ಪಠ್ಯ ಒಮ್ಮೆ ಒಳಬಂದ ಮೇಲೆ ತಂತ್ರಾಂಶದಲ್ಲಿ ಅದನ್ನು ತಿದ್ದಲಾಗದ ಕಾರಣ ಈ ಸಿದ್ಧತೆಯೆಲ್ಲ ಮೊದಲೇ ಮುಗಿದಿರಬೇಕು. ಧ್ವನಿ ಮತ್ತು ದೃಶ್ಯ ಕಡತಗಳನ್ನು ಟ್ಯಾಗೆಟ್ ಸ್ವೀಕರಿಸುವುದಿಲ್ಲ. ಹಾಗಾಗಿ ಬರಹಕ್ಕಿಳಿಸುವಾಗ ಬಿಟ್ಟುಹೋದ ನಿಟ್ಟುಸಿರನ್ನು ಕೋಡಿಂಗ್ ಮಾಡುತ್ತಲೇ ಮತ್ತೆ ಕೇಳುವಂತಿಲ್ಲ.

ತಂಡವಾಗಿ ಕೆಲಸ ಮಾಡುವವರು ಸರ್ವರ್ ಮೂಲಕ ಒಂದೇ ಯೋಜನೆಯನ್ನು ಹಂಚಿಕೊಳ್ಳಬಹುದು. ಇಬ್ಬರು ಸಂಶೋಧಕರ ಕೋಡಿಂಗ್ ಎಷ್ಟರಮಟ್ಟಿಗೆ ಹೊಂದುತ್ತದೆಂದು ಲೆಕ್ಕಹಾಕುವ ಸಾಧನವಿಲ್ಲ, ಅಂಥ ಹೋಲಿಕೆಗೆ ಬೇರೆ ದಾರಿ ನೋಡಿಕೊಳ್ಳಬೇಕು. ಇನ್ನೊಂದೆಡೆ, ವಿವರಣೆ ಸಹಿತ ಟ್ಯಾಗ್‌ಗಳ ಪಟ್ಟಿಯನ್ನು ಒಂದೇ ಗುಂಡಿ ಒತ್ತಿ ಹೊರತೆಗೆಯಬಹುದೆಂಬುದು ದೊಡ್ಡ ಉಪಕಾರ. ಸಂದರ್ಶನ ಮತ್ತು ಗುಂಪು ಚರ್ಚೆಗಳ ವರದಿಗೆಂದು 2007ರಲ್ಲಿ ಪ್ರಕಟವಾದ ಕೋರೆಕ್ ಎಂಬ 32 ಅಂಶಗಳ ತಪಶೀಲು ಪಟ್ಟಿ, ಕೋಡ್ ಮಾಡಿದವರು ಎಷ್ಟು ಮಂದಿ, ಕೋಡ್‌ಗಳ ರಚನೆ ಹೇಗಿದೆ, ಯಾವ ತಂತ್ರಾಂಶ ಬಳಸಲಾಯಿತು ಎಂದು ಕೇಳುತ್ತದೆ. ಟ್ಯಾಗೆಟ್‌ನಿಂದ ಹೊರತೆಗೆದ ಟ್ಯಾಗ್‌ಗಳ ಪಟ್ಟಿಯೊಂದು ಕೈಯಲ್ಲಿದ್ದರೆ ಕೋಡ್‌ಗಳ ಕುರಿತ ಉತ್ತರ ಸಿದ್ಧವಿದ್ದಂತೆ.

ಬಳಸುವ ಬಗೆ ಎರಡು: ತಯಾರಕರೇ ನಡೆಸುವ ಉಚಿತ ಸರ್ವರ್‌ನಲ್ಲಿ ಖಾತೆ ತೆರೆಯುವುದು, ಇಲ್ಲವೇ ಸ್ವಂತ ಗಣಕದಲ್ಲಿ ಅಳವಡಿಸಿಕೊಳ್ಳುವುದು. ಗುಂಪು ಚರ್ಚೆಯಲ್ಲಿ ಒಬ್ಬರು ಹೇಳಿದ್ದು ಉಳಿದವರಿಗೆಲ್ಲ ಗೊತ್ತಿರುತ್ತದೆ, ಆದ್ದರಿಂದ ಹೆಸರು ತೆಗೆದ ಮಾತ್ರಕ್ಕೆ ಗೋಪ್ಯತೆ ಉಳಿಯಿತೆಂದು ಹೇಳಲಾಗದು. ಕಾಯಿಲೆ, ಕೌಟುಂಬಿಕ ಹಿಂಸೆ, ಉದ್ಯೋಗದ ಕಿರುಕುಳದಂಥ ವಿಷಯಗಳ ದಾಖಲೆಗಳಿಗೆ ನಾನು ಎರಡನೆಯ ಬಗೆಯನ್ನೇ ಶಿಫಾರಸು ಮಾಡುತ್ತೇನೆ. ದಾಖಲೆಗಳು ಎಲ್ಲಿ ಇರುತ್ತವೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದುಕೊಟ್ಟ ಮಾತಿಗೂ ವಾಸ್ತವಕ್ಕೂ ವ್ಯತ್ಯಾಸ ಬಾರದಂತೆ, ಈ ಆಯ್ಕೆಯನ್ನು ಮೊದಲ ಸಂದರ್ಶನಕ್ಕೆ ಮುನ್ನವೇ ಮಾಡಿಕೊಳ್ಳಬೇಕು.